ಸಿಲ್ಕ್, ಶಕೀಲಾ ಅವರ ಡಬ್ಬಿಗಳಿಗೂ ಜಾಗ ಕೊಡಿ: ಪುಣೆಯ ಫಿಲ್ಮ್ ಆರ್ಕೈವ್‌ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯಸ್ಥರು,
ರಾಷ್ಟ್ರೀಯ ಫಿಲ್ಮ್ ಆರ್ಕೈವ್ (ಎನ್‌ಎಫ್‌ಡಿಸಿ–ಎನ್‌ಎಫ್‌ಎಐ),
ಪುಣೆ

ಮಾನ್ಯರೆ,

ನನ್ನದೊಂದು ಬೇಡಿಕೆ ಇದೆ. ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಸುಮಾರು 1980ರಿಂದ 2005ರ ಆಸುಪಾಸಿನವರೆಗೆ ದಕ್ಷಿಣದಲ್ಲಿ, ಅದರಲ್ಲೂ ಮಲಯಾಳಂನಲ್ಲಿ, ತೀರಾ ಕಡಿಮೆ ದುಡ್ಡಿನಲ್ಲಿ ತಯಾರಾಗಿ, ಮಾರ್ನಿಂಗ್ ಶೋಗಳಲ್ಲಿ ಓಡಿದ ‘ಎ’ ಸರ್ಟಿಫಿಕೇಟಿನ ಸಿನಿಮಾಗಳಿವೆಯಲ್ಲ, ಅವುಗಳ ನೆಗೆಟಿವ್, ಪ್ರಿಂಟ್, ಪೋಸ್ಟರ್, ಸೆನ್ಸಾರ್ ಕಾಗದ ಎಲ್ಲವನ್ನೂ ಹುಡುಕಿಸಿ ನಿಮ್ಮ ಭಂಡಾರಕ್ಕೆ ಸೇರಿಸಿಕೊಳ್ಳಿ. ಅವುಗಳಲ್ಲಿ ನಟಿಸಿದ ಹೆಂಗಸರು ಒಪ್ಪಿದರೆ, ಅವರ ಕತೆಯನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿ. ಇದನ್ನು ಈಗಲೇ ಮಾಡಬೇಕು. ಇನ್ನು ಹತ್ತು ವರ್ಷ ಕಾದರೆ ಡಬ್ಬಿಗಳೂ ಇರುವುದಿಲ್ಲ, ಹೇಳುವವರೂ ಇರುವುದಿಲ್ಲ.

ಈ ಮಾತನ್ನು ಒಬ್ಬ ಹೆಂಗಸು, ಅದೂ ಕರ್ನಾಟಕದಿಂದ ಯಾಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ಈ ಸಿನಿಮಾಗಳು ಕೇರಳದ ಗಡಿಯೊಳಗೇ ಉಳಿದಿರಲಿಲ್ಲ. ಚೆನ್ನೈನ ಕೋಡಂಬಾಕ್ಕಂ, ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಆಫೀಸುಗಳ ಮೂಲಕ ನಮ್ಮ ಜಿಲ್ಲಾ ಕೇಂದ್ರಗಳಿಗೆ, ತಾಲ್ಲೂಕು ಥಿಯೇಟರುಗಳಿಗೆ, ಟೂರಿಂಗ್ ಟಾಕೀಸುಗಳಿಗೆ ಬಂದವು. ನಮ್ಮ ಗಂಡಸರ ಎರಡು ತಲೆಮಾರು ಇವನ್ನು ನೋಡಿಕೊಂಡು ಬೆಳೆದಿದೆ. ನೋಡಿದ್ದೇನೆ ಎಂದು ಒಪ್ಪಿಕೊಳ್ಳುವವರು ಕಡಿಮೆ, ಅಷ್ಟೇ. ಹೆಂಗಸರಾದ ನಮಗೆ ಆ ಥಿಯೇಟರಿನ ಬಾಗಿಲು ಮುಚ್ಚಿತ್ತು. ನಮ್ಮ ಪಾಲಿಗೆ ಬಂದದ್ದು ಪೋಸ್ಟರ್ ಮಾತ್ರ.

ಆ ಪೋಸ್ಟರುಗಳನ್ನು ನಾನು ಚೆನ್ನಾಗಿ ನೋಡಿದ್ದೇನೆ. ಶಾಲೆಗೆ ಹೋಗುವ ದಾರಿಯಲ್ಲಿ, ಸೊಸೈಟಿ ಗೋಡೆಯ ಮೇಲೆ ಅಂಟಿಸಿರುತ್ತಿದ್ದರು. ಮೇಲೆ ಮಲಯಾಳಂ ಅಕ್ಷರ. ಅದರ ಮೇಲೆ ಅಡ್ಡಕ್ಕೆ ಹಚ್ಚಿದ ಹಳದಿ ಚೀಟಿಯಲ್ಲಿ ಕನ್ನಡದಲ್ಲಿ ಥಿಯೇಟರಿನ ಹೆಸರು, ‘ಬೆಳಿಗ್ಗೆ 11ಕ್ಕೆ’ ಎಂಬ ಸಮಯ. ಮೂಲೆಯಲ್ಲಿ ವೃತ್ತದೊಳಗೆ ಒಂದು ‘ಎ’. ನಡುವೆ ನಟಿಯ ದೊಡ್ಡ ಮುಖ. ಎದೆಯ ಮೇಲೆ ಯಾರೋ ಕರಿ ಮಸಿ ಬಳಿದಿರುತ್ತಿದ್ದರು, ಇಲ್ಲವೇ ಒಂದು ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು. ಹೀರೊ ಇದ್ದರೆ ಕೆಳಗೆಲ್ಲೋ ಅಂಗೈಯಗಲದ ಜಾಗದಲ್ಲಿ ಇರುತ್ತಿದ್ದ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಪಕ್ಕದ ಗೋಡೆಯಲ್ಲಿದ್ದ ದೊಡ್ಡ ಬಜೆಟ್ಟಿನ ಸಿನಿಮಾದ ಪೋಸ್ಟರಿನಲ್ಲಿ ಹೀರೊನೇ ಆಕಾಶದಷ್ಟು. ಹೀರೊಯಿನ್ ಅವನ ತೋಳಿನ ಕೆಳಗೆ. ಹೆಂಗಸಿನ ಹೆಸರಿನ ಮೇಲೆಯೇ ಪೂರ್ತಿ ಸಿನಿಮಾ ಮಾರಾಟವಾಗುತ್ತಿದ್ದದ್ದು ಈ ‘ಕೆಟ್ಟ’ ಪೋಸ್ಟರಿನಲ್ಲಿ ಮಾತ್ರ.

ಈ ಸಿನಿಮಾಗಳ ಸೆಳೆತ ಬರೀ ಮೈ ತೋರಿಸುವುದರಲ್ಲಿ ಇತ್ತು ಅನ್ನುವವರನ್ನು ನಾನು ನಂಬುವುದಿಲ್ಲ. ಮೈ ಇತ್ತು, ಇಲ್ಲ ಅನ್ನುವುದು ಸುಳ್ಳಾಗುತ್ತದೆ. ಟಿಕೆಟ್ ಹರಿದದ್ದೇ ಅದಕ್ಕೆ. ಆದರೆ ಅಷ್ಟೇ ಆಗಿದ್ದರೆ ಯಾವ ನಟಿ ಆದರೂ ನಡೆಯುತ್ತಿತ್ತು. ಹಾಗೆ ನಡೆಯಲಿಲ್ಲ. ನೂರಾರು ಹುಡುಗಿಯರು ಬಂದು ಹೋದರು. ಜನ ಹೆಸರಿಟ್ಟು ಕರೆದದ್ದು, ಇಷ್ಟು ವರ್ಷ ಆದ ಮೇಲೂ ನೆನಪಿಟ್ಟುಕೊಂಡದ್ದು ಕೆಲವರನ್ನು ಮಾತ್ರ. ಅವರಲ್ಲಿ ಏನೋ ಇತ್ತು. ಆ ‘ಏನೋ’ ಏನು ಎಂದು ತಿಳಿಯಬೇಕಾದರೆ ಸಿನಿಮಾ ಉಳಿದಿರಬೇಕು.

ಸಿಲ್ಕ್ ಸ್ಮಿತಾ ಅವರನ್ನೇ ತೆಗೆದುಕೊಳ್ಳಿ. ಹುಟ್ಟಿದ ಹೆಸರು ವಿಜಯಲಕ್ಷ್ಮಿ. ಆಂಧ್ರದ ಏಲೂರು ಹತ್ತಿರದ ಕೊವ್ವಲಿಯವರು. ಬಡತನ, ಅರ್ಧಕ್ಕೆ ನಿಂತ ಓದು. ಮದ್ರಾಸಿಗೆ ಬಂದು ಮೊದಲು ಹಿಡಿದದ್ದು ನಟಿಯರಿಗೆ ಟಚಪ್ ಮಾಡುವ ಕೆಲಸ. 1980ರಲ್ಲಿ ‘ವಂಡಿಚಕ್ಕರಂ’ ಎಂಬ ತಮಿಳು ಚಿತ್ರದಲ್ಲಿ ಸಿಲ್ಕ್ ಎಂಬ ಹೆಸರಿನ ಪಾತ್ರ ಸಿಕ್ಕಿತು. ಪಾತ್ರದ ಹೆಸರೇ ಅವರಿಗೆ ಅಂಟಿಕೊಂಡಿತು. ಮುಂದಿನ ಹದಿನಾರು ವರ್ಷದಲ್ಲಿ ತಮಿಳು, ತೆಲುಗು, ಮಲಯಾಳಂ, ಕನ್ನಡ, ಹಿಂದಿ ಸೇರಿ 450ಕ್ಕೂ ಹೆಚ್ಚು ಚಿತ್ರ. ನಮ್ಮ ‘ಹಳ್ಳಿ ಮೇಷ್ಟ್ರು’ (1992) ನೋಡಿದವರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ಮುಗಿದು ಡಬ್ಬಿಯಲ್ಲಿ ಕೂತ, ಯಾರೂ ಕೊಳ್ಳದ ಸಿನಿಮಾಗೆ ಸಿಲ್ಕ್ ಅವರದ್ದೊಂದು ಹಾಡು ಸೇರಿಸಿದರೆ ಬಿಡುಗಡೆ ಆಗುತ್ತಿತ್ತು ಎಂಬುದು ಇಡೀ ಉದ್ಯಮಕ್ಕೆ ಗೊತ್ತಿದ್ದ ಸಂಗತಿ.

1982ರ ‘ಮೂಂಡ್ರಾಂ ಪಿರೈ’ ನಿಮ್ಮವರು ನೋಡಿಯೇ ಇರುತ್ತಾರೆ. ಕಮಲ್ ಹಾಸನ್ ಅವರಿಗೆ ನಟನೆಗೆ, ಬಾಲು ಮಹೇಂದ್ರ ಅವರಿಗೆ ಛಾಯಾಗ್ರಹಣಕ್ಕೆ ರಾಷ್ಟ್ರ ಪ್ರಶಸ್ತಿ ಬಂದ ಚಿತ್ರ. ಅದರಲ್ಲಿ ಸಿಲ್ಕ್ ವಯಸ್ಸಾದ ಹೆಡ್‌ಮಾಸ್ತರರ ಎಳೆಯ ಹೆಂಡತಿ. ಊರಿಗೆ ಬಂದಿರುವ ಮೇಷ್ಟ್ರ ಮೇಲೆ ಅವಳಿಗೆ ಮನಸ್ಸು. ಅವನಿಗೆ ಅವಳು ಬೇಡ. ಚಿಕ್ಕ ಪಾತ್ರ. ಊಟಿಯ ಚಳಿಯಲ್ಲಿ ಚಿತ್ರೀಕರಿಸಿದ ಒಂದು ಹಾಡಿದೆ, ಅದನ್ನು ಬಟ್ಟೆ ಚಿಕ್ಕದು ಎಂದು ಎಲ್ಲರೂ ನೆನಪಿಡುತ್ತಾರೆ. ನೀವು ದಯವಿಟ್ಟು ಒಮ್ಮೆ ಆ ಮುಖ ನೋಡಿ. ರೆಪ್ಪೆ ಅರ್ಧ ಇಳಿದಿರುತ್ತದೆ, ಆದರೆ ನೋಟ ತಗ್ಗುವುದಿಲ್ಲ. ಬೇಡುವ ಹೆಂಗಸಿನ ನೋಟ ಅಲ್ಲ ಅದು. ತನಗೆ ಏನು ಬೇಕು ಎಂದು ಗೊತ್ತಿರುವ, ಅದು ಸಿಗುವುದಿಲ್ಲ ಎಂದೂ ಗೊತ್ತಿರುವ ಹೆಂಗಸಿನ ನೋಟ. ಇದು ಸುಮ್ನೆ ಬರುವುದಲ್ಲ. ಅದಕ್ಕೂ ಒಂದು ವರ್ಷ ಮೊದಲು ಭಾರತಿರಾಜ ಅವರ ‘ಅಲೈಗಳ್ ಓಯ್‌ವದಿಲ್ಲೈ’ ಚಿತ್ರದಲ್ಲಿ ಮೈತುಂಬ ಸೀರೆಯುಟ್ಟ ಗೃಹಿಣಿಯಾಗಿ ಅವರು ಮಾಡಿದ ಪಾತ್ರ ಇದೆ. ಆ ದಾರಿಯಲ್ಲಿ ಮುಂದೆ ಹೋಗಲು ಉದ್ಯಮ ಅವರಿಗೆ ಬಿಡಲಿಲ್ಲ.

ನನ್ನ ಪ್ರಶ್ನೆ ಇದು. ಪ್ರಶಸ್ತಿ ಬಂದ ಚಿತ್ರದಲ್ಲಿರುವ ಈ ನೋಟ ಉಳಿಯುತ್ತದೆ. ಅದೇ ಕಣ್ಣು, ಅದೇ ಹೆಂಗಸು ಇರುವ, 1989ರ ‘ಲಯನಂ’ ತರಹದ ಚಿತ್ರಗಳ ಗತಿ ಏನು? ಮಲಯಾಳಂನ ಆ ಚಿತ್ರ ಮುಂದೆ ‘ರೇಷ್ಮಾ ಕಿ ಜವಾನಿ’ ಎಂಬ ಹೆಸರಲ್ಲಿ ಹಿಂದಿಗೂ ಹೋಯಿತು. ಇವತ್ತು ಅದರ ಬಗ್ಗೆ ಬರೆಯಬೇಕು ಅಂದರೆ ನನಗೆ ಸಿಗುವುದು ಟೇಪಿನಿಂದ ಟೇಪಿಗೆ ಇಳಿಸಿ, ಬಣ್ಣ ಹೋಗಿ, ಅಂಚು ಕತ್ತರಿಸಿ, ಮೇಲೆ ಯಾವುದೋ ಚಾನೆಲ್ಲಿನ ಮುದ್ರೆ ಒತ್ತಿದ ನಕಲು. ನಟಿಯ ಮುಖ ಕಿತ್ತಳೆ ಬಣ್ಣದ ಮಸುಕು. ಕಣ್ಣೇ ಕಾಣದ ನಕಲಿನಲ್ಲಿ ಸಿಲ್ಕ್ ಸ್ಮಿತಾ ಅವರನ್ನು ಏನೆಂದು ನೋಡುವುದು?

ಸಿಲ್ಕ್ 1996ರ ಸೆಪ್ಟೆಂಬರ್ 23ರಂದು ಚೆನ್ನೈನಲ್ಲಿ ತೀರಿಕೊಂಡರು. ವಯಸ್ಸು 35. ತಮ್ಮ ಕತೆಯನ್ನು ಬರೆದಿಡಲಿಲ್ಲ, ಯಾರೂ ಕೂರಿಸಿಕೊಂಡು ಸರಿಯಾಗಿ ಕೇಳಲಿಲ್ಲ. ಹದಿನೈದು ವರ್ಷದ ಮೇಲೆ ಹಿಂದಿಯಲ್ಲಿ ಅವರ ಬದುಕಿನ ಛಾಯೆಯ ಸಿನಿಮಾ ಬಂತು, ದೊಡ್ಡ ಗೆಲುವಾಯಿತು. ಅವರ ಪಾತ್ರ ಮಾಡಿದ ವಿದ್ಯಾ ಬಾಲನ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. 2013ರಲ್ಲಿ ಕನ್ನಡದಲ್ಲೂ ಒಂದು, ಮಲಯಾಳಂನಲ್ಲೂ ಒಂದು ಬಂತು. ವಿದ್ಯಾ ಬಾಲನ್ ಚೆನ್ನಾಗಿಯೇ ಮಾಡಿದ್ದಾರೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಿಲ್ಕ್ ಬಗ್ಗೆ ಬೇರೆಯವರು ಕಟ್ಟಿದ ಕತೆಗೆ ಒಳ್ಳೆಯ ಪ್ರಿಂಟ್ ಇದೆ, ಸಿಲ್ಕ್ ತಾವೇ ಮಾಡಿದ ಕೆಲಸಕ್ಕೆ ಇಲ್ಲ. ಇದನ್ನು ಸರಿ ಮಾಡುವ ಶಕ್ತಿ ಇರುವುದು ನಿಮ್ಮಂಥ ಸಂಸ್ಥೆಗೆ ಮಾತ್ರ.

ಇನ್ನು ಶಕೀಲಾ. ಅವರ ಮೊದಲ ಚಿತ್ರ 1995ರ ‘ಪ್ಲೇಗರ್ಲ್ಸ್’. ಅದರಲ್ಲಿ ಸಿಲ್ಕ್ ಕೂಡ ಇದ್ದರು. ಒಬ್ಬರ ಕಾಲ ಮುಗಿಯುತ್ತಿತ್ತು, ಇನ್ನೊಬ್ಬರದು ಶುರುವಾಗುತ್ತಿತ್ತು. 2000ದಲ್ಲಿ ‘ಕಿನ್ನಾರ ತುಂಬಿಕಳ್’ ಬಂದ ಮೇಲೆ ಕೇರಳದಲ್ಲಿ ಎದ್ದದ್ದನ್ನು ಅಲ್ಲಿನವರು ‘ಶಕೀಲಾ ತರಂಗಂ’ ಅಂತಲೇ ಕರೆದರು. ಕೆಲವೇ ಲಕ್ಷದಲ್ಲಿ ಮಾಡಿದ ಸಿನಿಮಾ ಕೋಟಿಗಳಲ್ಲಿ ದುಡಿಯಿತು. ಆಗ ಮಲಯಾಳಂ ಉದ್ಯಮ ಸೋತು ಕೂತಿತ್ತು. ಥಿಯೇಟರುಗಳು ಬಾಗಿಲು ಹಾಕುವ ಸ್ಥಿತಿ. ಶಕೀಲಾ ಸಿನಿಮಾ ಹಾಕಿದ ವಾರ ಆಪರೇಟರಿಗೆ, ಗೇಟ್ ಕಾಯುವವನಿಗೆ, ಸೈಕಲ್ ಸ್ಟ್ಯಾಂಡಿನವನಿಗೆ, ಕ್ಯಾಂಟೀನಿನವನಿಗೆ ದುಡ್ಡು ಬರುತ್ತಿತ್ತು. ಅವರ ಚಿತ್ರ ಬರುತ್ತದೆ ಅಂದರೆ ದೊಡ್ಡ ಸ್ಟಾರುಗಳ ನಿರ್ಮಾಪಕರೂ ತಾರೀಖು ನೋಡಿಕೊಳ್ಳುತ್ತಿದ್ದರು ಎಂಬ ಮಾತು ಕೇರಳದಲ್ಲಿ ಇವತ್ತಿಗೂ ಇದೆ.

ಶಕೀಲಾ ಅವರಲ್ಲಿ ಜನಕ್ಕೆ ಹಿಡಿಸಿದ್ದು ಏನು? ಸಿನಿಮಾ ಒಪ್ಪುವ ಅಳತೆಯ ಮೈ ಅವರದಲ್ಲ. ದಪ್ಪಗಿದ್ದರು. ತೆರೆಯ ಮೇಲೆ ವಯಸ್ಸಿಗಿಂತ ದೊಡ್ಡವರಾಗಿ ಕಾಣುತ್ತಿದ್ದರು. ಪಕ್ಕದ ಮನೆಯ ಅಕ್ಕ, ಟೀಚರು, ಗಂಡ ದೂರದೂರಿನಲ್ಲಿರುವ ಹೆಂಗಸು, ಇಂಥವೇ ಪಾತ್ರಗಳು. ಗಲ್ಫಿಗೆ ಹೋದ ಗಂಡಂದಿರ ನಾಡಿನಲ್ಲಿ ಇದು ಕಲ್ಪನೆಯ ಪಾತ್ರ ಆಗಿರಲಿಲ್ಲ, ಅಲ್ವಾ? ಆ ಹೆಂಗಸಿಗೂ ಆಸೆ ಇದೆ, ಬೇಸರ ಇದೆ, ಅದನ್ನು ಅವಳು ಒಪ್ಪಿಕೊಳ್ಳುತ್ತಾಳೆ ಎಂದು ಈ ಸಿನಿಮಾಗಳು ಹೇಳಿದವು. ಎಷ್ಟೋ ಸಲ ಕೆಟ್ಟದಾಗಿ ಹೇಳಿದವು. ಕೊನೆಗೆ ಅವಳನ್ನು ಸಾಯಿಸಿ ಇಲ್ಲವೇ ಪಶ್ಚಾತ್ತಾಪ ಪಡಿಸಿ ಮುಗಿಸಿದವು. ಆದರೆ ‘ಒಳ್ಳೆಯ’ ಸಿನಿಮಾಗಳು ಹೇಳಲೇ ಇಲ್ಲ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಗಳಲ್ಲಿ ಮದುವೆಯಾದ ಹೆಂಗಸಿಗೆ ಮಕ್ಕಳು, ಅತ್ತೆ, ತ್ಯಾಗ ಇಷ್ಟೇ ಇದ್ದದ್ದು. ನಾನು ಈ ಚಿತ್ರಗಳನ್ನು ತಡವಾಗಿ, ಕಂಪ್ಯೂಟರಿನಲ್ಲಿ ಒಬ್ಬಳೇ ಕೂತು ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಗಂಡಸರಿಗಾಗಿ ಮಾಡಿದ ಈ ಸಿನಿಮಾದ ನಡುವೆ ಅಲ್ಲಲ್ಲಿ, ಯಾರೂ ಉದ್ದೇಶಪಟ್ಟು ಇಡದ ಕಡೆ, ಒಬ್ಬ ಹೆಂಗಸಿನ ಒಂಟಿತನ ಕಾಣುತ್ತಿತ್ತು. ನಟಿ ಅದನ್ನು ತನ್ನ ಕಡೆಯಿಂದ ತಂದಿದ್ದಳು.

ಇನ್ನೊಂದು ಸಂಗತಿ ನಮ್ಮ ಕರ್ನಾಟಕಕ್ಕೆ ಸೇರಿದ್ದು. ಇಲ್ಲಿ ದಶಕಗಳ ಕಾಲ ಡಬ್ಬಿಂಗ್ ಸಿನಿಮಾಗೆ ಅವಕಾಶ ಇರಲಿಲ್ಲ. ಹಾಗಾಗಿ ಈ ಚಿತ್ರಗಳು ಮಲಯಾಳಂನಲ್ಲೇ, ಇಲ್ಲವೇ ತಮಿಳು, ಹಿಂದಿ ಡಬ್ಬಿಂಗಿನಲ್ಲಿ ಓಡಿದವು. ಹಾಸನದಲ್ಲೋ ಗದಗದಲ್ಲೋ ಕೂತವನಿಗೆ ಮಾತು ಅರ್ಥವಾಗುತ್ತಿರಲಿಲ್ಲ. ಕತೆಯ ಪೂರ್ತಿ ಭಾರ ನಟಿಯ ಮುಖದ ಮೇಲೆ ಬಿತ್ತು. ಮಾತು ತಿಳಿಯದ ಗಂಡಸರಿಂದ ತುಂಬಿದ ಹಾಲನ್ನು ಎರಡು ಗಂಟೆ ಬರೀ ಮುಖದಲ್ಲಿ ಹಿಡಿದಿಡುವುದು ಸಣ್ಣ ಕೆಲಸ ಅಲ್ಲ. ಮೂಕಿ ಕಾಲದ ನಟಿಯರಲ್ಲಿ ಇದೇ ಗುಣ ಕಂಡಾಗ ನಾವು ಅದನ್ನು ಕಲೆ ಅನ್ನುತ್ತೇವೆ.

ಇದರಿಂದ ಒಂದು ಅನ್ಯಾಯವೂ ಆಯಿತು. ಬಹಳ ವರ್ಷ ಇಲ್ಲಿನ ಜನಕ್ಕೆ ಮಲಯಾಳಂ ಪಿಕ್ಚರ್ ಅಂದರೆ ಇದೇ. ಕಲಾತ್ಮಕ ಚಿತ್ರಗಳನ್ನು ಮಾಡಿದ ಅಡೂರು ಗೋಪಾಲಕೃಷ್ಣನ್, ಅರವಿಂದನ್ ಅವರ ಹೆಸರು ನಮ್ಮ ಫಿಲ್ಮ್ ಸೊಸೈಟಿಗಳ ಒಳಗೇ ಉಳಿಯಿತು. ಕೇರಳದವರಿಗೆ ಇದರ ಬಗ್ಗೆ ಇದ್ದ ನಾಚಿಕೆ ನನಗೆ ಅರ್ಥವಾಗುತ್ತದೆ. ಆದರೆ ನಾಚಿಕೆಯಿಂದ ಸಿನಿಮಾ ಸುಟ್ಟರೆ ಚರಿತ್ರೆ ಸರಿಹೋಗುವುದಿಲ್ಲ.

ಇದೆಲ್ಲ ಒಂದೇ ದಿನ ಹುಟ್ಟಿದ್ದೂ ಅಲ್ಲ. 1978ರಲ್ಲಿ ಐ.ವಿ. ಶಶಿ ಅವರ ‘ಅವಳುಡೆ ರಾವುಕಳ್’, ಭರತನ್ ಅವರ ‘ರತಿನಿರ್ವೇದಂ’ ಬಂದವು. ಎರಡೂ ಗಂಭೀರ ಚಿತ್ರಗಳು. ಅವು ಗೆದ್ದದ್ದನ್ನು ನೋಡಿ ಬೇರೆಯವರು ಅದರಲ್ಲಿ ಬಿಕರಿಯಾಗುವ ಭಾಗವನ್ನಷ್ಟೇ ಎತ್ತಿಕೊಂಡರು. 1988ರಲ್ಲಿ ಪಿ. ಚಂದ್ರಕುಮಾರ್ ಅವರ ‘ಆದಿಪಾಪಂ’ ಆದಾಮ ಹವ್ವೆಯರ ಕತೆ ಹೇಳುತ್ತಾ ನಟಿ ಅಭಿಲಾಷಾ ಅವರನ್ನು ಮನೆಮಾತು ಮಾಡಿತು. ಅಲ್ಲಿಂದ ಇದು ಒಂದು ಉದ್ಯಮವೇ ಆಯಿತು. ಒಂದು ಬಂಗಲೆ, ಒಂದು ತೋಟ, ಕೆಲವೇ ದಿನಗಳ ಶೂಟಿಂಗ್. ಅದೇ ಮಂಚ, ಅದೇ ಕಿಟಕಿ ಪರದೆ ಮುಂದಿನ ಸಿನಿಮಾದಲ್ಲೂ. ಆ ಅವಸರದಲ್ಲೂ ದೀಪ ಇಡುವವನು, ಮೇಕಪ್ ಮಾಡುವವಳು, ಎಡಿಟರ್ ಎಲ್ಲ ಕೆಲಸ ಗೊತ್ತಿದ್ದವರೇ. ಗಾಳಿ ಬಂದ ಕಡೆ ತೂರಿಕೊಂಡು ಹೊಟ್ಟೆ ಹೊರೆದವರು. ಅವರ ಹೆಸರೂ ಎಲ್ಲೂ ದಾಖಲಾಗಿಲ್ಲ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಬಿಟ್.

ನಿಮಗೆ ಗೊತ್ತಿರುವುದೇ. ಸೆನ್ಸಾರ್ ಒಪ್ಪಿದ ಸಿನಿಮಾ ಒಂದು, ಥಿಯೇಟರಿನಲ್ಲಿ ಓಡಿದ್ದು ಇನ್ನೊಂದು. ಪ್ರಿಂಟಿನ ಪೆಟ್ಟಿಗೆಯ ಜೊತೆಗೆ ಬೇರೆ ಸಣ್ಣ ಸುರುಳಿ ಬರುತ್ತಿತ್ತು. ಆಪರೇಟರ್ ಅದನ್ನು ನಡುವೆ ಜೋಡಿಸುತ್ತಿದ್ದ. ಕೇರಳದವರು ಅದಕ್ಕೆ ‘ತುಂಡು’ ಅನ್ನುತ್ತಾರೆ, ನಮ್ಮಲ್ಲಿ ಬಿಟ್. ಎಷ್ಟೋ ಸಲ ಆ ತುಂಡಿನಲ್ಲಿರುವ ಮೈ ಪೋಸ್ಟರಿನ ನಟಿಯದ್ದೇ ಅಲ್ಲ. ಡ್ಯೂಪ್ ಇಟ್ಟು ತೆಗೆದದ್ದು. ನಟಿಗೆ ಗೊತ್ತಿಲ್ಲದೆ ಸೇರಿಸಿದ್ದೂ ಇದೆ. ಆಕೆಗೆ ಕೆಟ್ಟ ಹೆಸರು, ಡ್ಯೂಪ್ ಆದವಳಿಗೆ ಹೆಸರೇ ಇಲ್ಲ. ದುಡ್ಡು ಮೂರನೆಯವರಿಗೆ.

ಆದ್ದರಿಂದ ಕೂಡಿಡಿ ಎಂದು ನಾನು ಹೇಳುವಾಗ ಎಲ್ಲವನ್ನೂ ತೆರೆದು ತೋರಿಸಿ ಎಂದು ಹೇಳುತ್ತಿಲ್ಲ. ಸೆನ್ಸಾರ್ ಆದ ಚಿತ್ರವನ್ನು ಚಿತ್ರವಾಗಿ ಕಾಪಾಡಿ. ತುಂಡುಗಳು ಸಿಕ್ಕರೆ ಬೇರೆಯಾಗಿ ಇಡಿ, ಬೀಗ ಹಾಕಿ, ಅದರಲ್ಲಿರುವವರ ಒಪ್ಪಿಗೆ ಇಲ್ಲದೆ ಯಾರಿಗೂ ತೋರಿಸಬೇಡಿ. ಸೆನ್ಸಾರ್ ಮಂಡಳಿಯ ಚೆನ್ನೈ, ತಿರುವನಂತಪುರ, ಬೆಂಗಳೂರು ಕಚೇರಿಗಳ ಕಾಗದಪತ್ರ ತರಿಸಿಕೊಂಡರೆ ಯಾವ ಚಿತ್ರದಲ್ಲಿ ಏನು ಕತ್ತರಿಸಿದರು ಎಂಬ ಲೆಕ್ಕ ಸಿಗುತ್ತದೆ. ಯಾವುದು ಮೂಲ, ಯಾವುದು ಆಮೇಲೆ ತುರುಕಿದ್ದು ಎಂದು ಹೇಳುವುದಕ್ಕೆ ಅದೇ ಆಧಾರ. ‘ಇದು ನಾನಲ್ಲ’ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ನಟಿಗೆ ಅದೊಂದು ಸಾಕ್ಷಿ ಆಗುತ್ತದೆ.

ಹೆಂಗಸರ ಪರವಾಗಿ ಮಾತಾಡುವ ನನ್ನ ಗೆಳತಿಯರಲ್ಲೇ ಕೆಲವರು ಇದನ್ನು ಒಪ್ಪುವುದಿಲ್ಲ. ಶೋಷಣೆಯ ಸಿನಿಮಾವನ್ನು ಸರ್ಕಾರದ ದುಡ್ಡಿನಲ್ಲಿ ಯಾಕೆ ಉಳಿಸಬೇಕು, ಅಳಿದುಹೋಗಲಿ ಬಿಡು ಅನ್ನುತ್ತಾರೆ. ಅವರ ಸಿಟ್ಟು ನ್ಯಾಯದ್ದೇ. ಆದರೆ ಶೋಷಣೆ ನಡೆದದ್ದಕ್ಕೆ ಪುರಾವೆ ಇರುವುದೂ ಅದರೊಳಗೇ. ಅದು ಅಳಿದರೆ ಲಾಭ ಯಾರಿಗೆ? ದುಡ್ಡು ಮಾಡಿಕೊಂಡು ಆಮೇಲೆ ಮರ್ಯಾದಸ್ಥರಾದವರಿಗೆ. ನಟಿಯರಿಗಂತೂ ಅಲ್ಲ. ಅವರ ಹೆಸರಿನ ಮೇಲಿನ ಮಸಿ ಸಿನಿಮಾ ಸುಟ್ಟರೂ ಹೋಗುವುದಿಲ್ಲ.

ಮಲಯಾಳಂ ಚಿತ್ರರಂಗದಲ್ಲಿ ಹೆಂಗಸರ ಸ್ಥಿತಿ ಹೇಗಿದೆ ಎಂದು ನೋಡಲು ಕೇರಳ ಸರ್ಕಾರ ನೇಮಿಸಿದ್ದ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಹೊರಬಂತು. 2019ರ ಕೊನೆಯಲ್ಲೇ ಸರ್ಕಾರಕ್ಕೆ ಕೊಟ್ಟಿದ್ದರು, ಬೆಳಕಿಗೆ ಬರಲು ಇಷ್ಟು ಕಾಲ ಬೇಕಾಯಿತು. ಅದರಲ್ಲಿರುವುದು ಮರ್ಯಾದೆಯ ಮಲಯಾಳಂ ಚಿತ್ರರಂಗದ ಕತೆ. ಶೂಟಿಂಗ್ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಜಾಗ ಇಲ್ಲ, ಅವಕಾಶ ಬೇಕಾದರೆ ‘ಹೊಂದಿಕೊಳ್ಳಬೇಕು’ ಎಂಬ ಒತ್ತಡ. ಅಂದರೆ ಇವು ಒಳ್ಳೆಯ ಸಿನಿಮಾ, ಅವು ಕೆಟ್ಟ ಸಿನಿಮಾ ಎಂದು ಗೆರೆ ಎಳೆದದ್ದು ಹೆಂಗಸರನ್ನು ಕಾಪಾಡುವುದಕ್ಕೆ ಅಲ್ಲ. ಗೆರೆಯ ಎರಡೂ ಕಡೆ ಹೆಂಗಸರಿಗೆ ಸಿಕ್ಕಿದ್ದು ಒಂದೇ.

ಇದು ತುಂಬ ಹಳೆಯ ಕತೆಯೂ ಹೌದು. ಮಲಯಾಳಂನ ಮೊದಲ ಚಿತ್ರ ‘ವಿಗತಕುಮಾರನ್’ ತಿರುವನಂತಪುರದ ಕ್ಯಾಪಿಟಲ್ ಥಿಯೇಟರಿನಲ್ಲಿ ತೆರೆಕಂಡಾಗ ಏನಾಯಿತು ನಿಮಗೆ ಗೊತ್ತು. ದಲಿತ ಹೆಣ್ಣುಮಗಳು ಪಿ.ಕೆ. ರೋಸಿ ನಾಯರ್ ಹೆಣ್ಣಿನ ಪಾತ್ರ ಮಾಡಿದಳು ಎಂದು ಜನ ದೊಂಬಿ ಎಬ್ಬಿಸಿದರು. ಆಕೆ ಊರನ್ನೇ ಬಿಟ್ಟು ಓಡಬೇಕಾಯಿತು. ಸಿನಿಮಾವೂ ಹೋಯಿತು. ಈಗ ಆಕೆಯ ಹೆಸರಲ್ಲಿ ಫಿಲ್ಮ್ ಸೊಸೈಟಿ ಇದೆ, ಲೇಖನಗಳಿವೆ, ಗೌರವ ಇದೆ. ಆಕೆಯ ನಟನೆ ಹೇಗಿತ್ತು ಎಂದು ನೋಡಲು ಚಿತ್ರ ಮಾತ್ರ ಇಲ್ಲ. ನಮ್ಮದೂ ಬೇರೆ ಅಲ್ಲ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನಾ’ ಯಾರ ಹತ್ತಿರವೂ ಇಲ್ಲ. ಭಾರತದ ಮೊದಲ ಟಾಕಿ, 1931ರ ‘ಆಲಂ ಆರಾ’ ಕೂಡ ಇಲ್ಲ. ಆ ಕಾಲದಲ್ಲಿ ಎಲ್ಲ ಸಿನಿಮಾವೂ ಕೀಳೇ ಆಗಿತ್ತು, ಉಳಿಸುವಂಥದ್ದು ಎಂದು ಯಾರಿಗೂ ಅನಿಸಲಿಲ್ಲ.

ನಿಮ್ಮ ಸಂಸ್ಥೆ 1964ರಲ್ಲಿ ಶುರುವಾದಾಗ ಅದನ್ನು ಕಟ್ಟಿದವರು ತಿರುವನಂತಪುರದ ಪಿ.ಕೆ. ನಾಯರ್. ಒಳ್ಳೆಯದು ಕೆಟ್ಟದ್ದು ಎಂದು ಆರಿಸುವುದು ಸಂಗ್ರಹಕಾರನ ಕೆಲಸ ಅಲ್ಲ, ಸಿಕ್ಕಿದ್ದನ್ನೆಲ್ಲ ಕೂಡಿಡಬೇಕು ಎಂದು ನಂಬಿದ್ದವರು ಅವರು. ನಿಮ್ಮನ್ನು ನಾನು ಅವರ ದಾರಿಗೆ ಕರೆಯುತ್ತಿದ್ದೇನೆ, ಹೊಸದೇನೂ ಕೇಳುತ್ತಿಲ್ಲ. ಹಳೆಯ ಚಿತ್ರಗಳನ್ನು ಉಳಿಸುವ ಕೇಂದ್ರ ಸರ್ಕಾರದ ಯೋಜನೆ, ರಾಷ್ಟ್ರೀಯ ಫಿಲ್ಮ್ ಹೆರಿಟೇಜ್ ಮಿಷನ್ನಿಗೆ 597 ಕೋಟಿ ರೂಪಾಯಿ ಇಡಲಾಯಿತು. ಅದರಲ್ಲಿ ದೊಡ್ಡವರ ಚಿತ್ರಗಳು ಹೊಳಪು ಪಡೆದು ಬಂದದ್ದು ನೋಡಿ ನನಗೂ ಸಂತೋಷ ಆಗಿದೆ. ಅದೇ ಕೆಲಸದ ಒಂದು ಮೂಲೆಯಲ್ಲಿ ಇವಕ್ಕೂ ಜಾಗ ಬೇಕು.

ಹೊರಗಿನವರು ಇದನ್ನು ಮಾಡಿದ್ದಾರೆ. ಟಿವಿ ಬಂದು ನೆಲ ಕಚ್ಚಿದ್ದ ಜಪಾನಿನ ನಿಕ್ಕಾತ್ಸು ಸ್ಟುಡಿಯೊ 1971ರಿಂದ 1988ರವರೆಗೆ ಇಂಥದ್ದೇ ಚಿತ್ರಗಳನ್ನು ಮಾಡಿ ಬದುಕಿತು. ಅದನ್ನು ಮುಚ್ಚಿಡಲಿಲ್ಲ. 2016ರಲ್ಲಿ ಅದೇ ಮಾದರಿಯಲ್ಲಿ ಹೊಸ ಚಿತ್ರಗಳನ್ನು ಮಾಡಿಸಿತು. ಅಮೆರಿಕದಲ್ಲಿ ಡೋರಿಸ್ ವಿಶ್‌ಮನ್ ಎಂಬ ಹೆಂಗಸು 1960ರ ದಶಕದಿಂದಲೇ ಪುಡಿಗಾಸಿನಲ್ಲಿ ಇಂಥ ಸಿನಿಮಾ ನಿರ್ದೇಶಿಸಿದರು, 2002ರಲ್ಲಿ ತೀರಿಕೊಂಡರು. ಈಗ ಅವರ ಚಿತ್ರಗಳನ್ನು ಚೊಕ್ಕ ಮಾಡಿ ಮತ್ತೆ ತಂದಿದ್ದಾರೆ. ನಮ್ಮ ಮಲಯಾಳಂ ಚಿತ್ರಗಳ ಬಗ್ಗೆ ವರ್ಷಗಟ್ಟಲೆ ಕೂತು ಸಂಶೋಧನೆ ಮಾಡಿದ ದರ್ಶನಾ ಶ್ರೀಧರ್ ಮಿನಿ ಪಾಠ ಮಾಡುವುದೂ ಅಮೆರಿಕದಲ್ಲೇ, ವಿಸ್ಕಾನ್ಸಿನ್‌ನಲ್ಲಿ. ನಾಳೆ ಇಲ್ಲಿನ ಹುಡುಗಿಯೊಬ್ಬಳು ಈ ಕೆಲಸ ಮುಂದುವರಿಸಬೇಕು ಎಂದರೆ ಪುಣೆಯಲ್ಲಿ ಅವಳಿಗೆ ನೋಡಲು ಏನಾದರೂ ಇರಬೇಡವೇ?

ಸಮಯ ಕಡಿಮೆ ಇದೆ ಎಂದು ಹೇಳಿದೆನಲ್ಲ, ಅದು ಮಾತಿಗೆ ಹೇಳಿದ್ದಲ್ಲ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಹಳೆಯ ಫಿಲ್ಮ್ ನಮ್ಮ ಸೆಕೆಯಲ್ಲಿ ಕೊಳೆಯುತ್ತದೆ. ನನ್ನ ಪರಿಚಯದ ಹಂಚಿಕೆದಾರರೊಬ್ಬರ ಹಳೆಯ ಗೋಡೌನಿನಲ್ಲಿ ಒಂದು ಡಬ್ಬಿ ತೆಗೆದಾಗ ಮೂಗಿಗೆ ಹೊಡೆದದ್ದು ವಿನೆಗರ್ ವಾಸನೆ. ಸುರುಳಿ ಅಂಚಿನಲ್ಲಿ ಅಲೆ ಅಲೆಯಾಗಿ ಮುರುಟಿತ್ತು. ಬೆರಳಿಗೆ ಅಂಟು. ಬೆಳಕಿಗೆ ಹಿಡಿದರೆ ಬಣ್ಣವೆಲ್ಲ ಹೋಗಿ ಗುಲಾಬಿ ಮಾತ್ರ ಉಳಿದಿತ್ತು. ಒಂದು ಚೌಕದಲ್ಲಿ ಒಬ್ಬ ಹೆಂಗಸು ಕಿಟಕಿ ಕಡೆ ತಿರುಗಿ ನಿಂತಿದ್ದಳು. ಯಾರು ಎಂದು ಗೊತ್ತಾಗಲಿಲ್ಲ, ಡಬ್ಬಿಯ ಮೇಲಿನ ಚೀಟಿ ಗೆದ್ದಲು ತಿಂದಿತ್ತು. ಪಕ್ಕದಲ್ಲಿದ್ದ ಎಷ್ಟೋ ಡಬ್ಬಿಗಳನ್ನು ಫಿಲ್ಮಿನಿಂದ ಬೆಳ್ಳಿ ತೆಗೆಯುವವರಿಗೆ ಕೆಜಿ ಲೆಕ್ಕದಲ್ಲಿ ಕೊಟ್ಟಾಯಿತು ಎಂದರು. 2010ರ ನಂತರ ಡಿಜಿಟಲ್ ಬಂದು ಲ್ಯಾಬುಗಳು ಮುಚ್ಚಿದಾಗ ಎಷ್ಟೋ ನೆಗೆಟಿವ್‌ಗಳಿಗೆ ವಾರಸುದಾರರೇ ಇಲ್ಲದಂತಾಯಿತು. ದೊಡ್ಡ ಸಿನಿಮಾದ ನೆಗೆಟಿವ್ ಆದರೆ ಮಗನೋ ಮೊಮ್ಮಗನೋ ಕೇಳಿಕೊಂಡು ಬರುತ್ತಾನೆ. ಇವನ್ನು ‘ನಮ್ಮಪ್ಪ ಮಾಡಿದ್ದು’ ಎಂದು ಕೇಳಿಕೊಂಡು ಬರುವವರು ಯಾರು?

ನಟಿಯರ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಇವರಲ್ಲಿ ಹಲವರು ಹೆಸರು ಬದಲಿಸಿಕೊಂಡು, ಊರು ಬದಲಿಸಿಕೊಂಡು, ಮಕ್ಕಳು ಮೊಮ್ಮಕ್ಕಳ ಜೊತೆ ನೆಮ್ಮದಿಯಾಗಿದ್ದಾರೆ. ಅವರನ್ನು ಹುಡುಕಿಕೊಂಡು ಹೋಗಿ ಬಾಗಿಲು ಬಡಿಯಬೇಡಿ. ಒಬ್ಬ ನಟಿಯನ್ನು ಪೊಲೀಸರು ವಿಚಾರಿಸುವ ವೀಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ದೇಶ ಇದು. ಹಾಗಾಗಿ ಪ್ರಕಟಣೆ ಹೊರಡಿಸಿ, ಬರುವವರು ತಾವಾಗಿ ಬರಲಿ. ಪ್ರಶ್ನೆ ಕೇಳುವವರು ಹೆಂಗಸರೇ ಆಗಿರಲಿ. ಅವರು ಹೇಳಿದ್ದನ್ನು ಇಪ್ಪತ್ತು ವರ್ಷ ತೆರೆಯಬೇಡಿ ಅಂದರೆ ಇಪ್ಪತ್ತು ವರ್ಷ ತೆರೆಯಬೇಡಿ. ಕೂತ ಹೊತ್ತಿಗೆ ಸಂಭಾವನೆ ಕೊಡಿ. ಅವರ ಕೆಲಸಕ್ಕೆ ಸರಿಯಾಗಿ ದುಡ್ಡು ಕೊಟ್ಟವರು ಕಡಿಮೆ.

ಮಾತಾಡಲು ತಯಾರಿರುವವರೂ ಇದ್ದಾರೆ. ಶಕೀಲಾ 2013ರಲ್ಲೇ ಮಲಯಾಳಂನಲ್ಲಿ ತಮ್ಮ ಆತ್ಮಕತೆ ತಂದರು. ನಮ್ಮ ಇಂದ್ರಜಿತ್ ಲಂಕೇಶ್ ಅವರ ಮೇಲೆ ಸಿನಿಮಾ ಮಾಡಿದರು, 2020ರಲ್ಲಿ ಬಂತು. 2014ರ ಕನ್ನಡ ಬಿಗ್ ಬಾಸ್ ಮನೆಯಲ್ಲಿ ಅವರನ್ನು ನಮ್ಮ ಮನೆಗಳ ಹೆಂಗಸರೂ ನೋಡಿದರು. ಪೋಸ್ಟರಿನಲ್ಲಿ ಮಾತ್ರ ಕಂಡಿದ್ದ ಹೆಂಗಸು ಅಡುಗೆ ಮಾಡುವುದನ್ನು, ಅಳುವುದನ್ನು, ನಗಿಸುವುದನ್ನು ನೋಡಿ ಎಷ್ಟೋ ಜನರ ಮನಸ್ಸು ಬದಲಾಯಿತು. ಆಮೇಲೆ ತಮಿಳಿನ ಅಡುಗೆ ಕಾರ್ಯಕ್ರಮವೊಂದರಲ್ಲಿ ಜೊತೆಯವರೆಲ್ಲ ಅವರನ್ನು ಅಮ್ಮ ಎಂದೇ ಕರೆದರು. ಹಾಗಿದ್ದೂ 2022ರಲ್ಲಿ ಕೋಳಿಕ್ಕೋಡಿನ ಒಂದು ಮಾಲ್‌ನಲ್ಲಿ ಟ್ರೈಲರ್ ಬಿಡುಗಡೆಗೆ ಅವರು ಅತಿಥಿ ಎಂದು ತಿಳಿದಾಗ ಅನುಮತಿಯನ್ನೇ ಹಿಂದಕ್ಕೆ ಪಡೆದರು. ತೆರೆಯ ಮೇಲೆ ಅವರನ್ನು ದುಡ್ಡು ಕೊಟ್ಟು ನೋಡಿದ ಊರು ಎದುರಿಗೆ ಬಂದರೆ ಬೇಡ ಅಂದಿತು. ಸರ್ಕಾರದ ಒಂದು ಸಂಸ್ಥೆ ‘ಬನ್ನಿ ಅಮ್ಮ, ಕೂತ್ಕೊಳ್ಳಿ, ನಿಮ್ಮ ಕೆಲಸದ ಬಗ್ಗೆ ಹೇಳಿ’ ಎಂದು ಕರೆದರೆ ಅದರ ತೂಕ ಎಷ್ಟು ಎಂದು ನೀವೇ ನೋಡಿ.

ಸಿಲ್ಕ್ ಅವರ ಹಿಂದೆ ಮುಂದೆ ಇದ್ದ ಜ್ಯೋತಿಲಕ್ಷ್ಮಿ, ಜಯಮಾಲಿನಿ, ಅನುರಾಧಾ, ಡಿಸ್ಕೊ ಶಾಂತಿ ಇವರೆಲ್ಲ ಕನ್ನಡದಲ್ಲೂ ಕುಣಿದವರು. ಜ್ಯೋತಿಲಕ್ಷ್ಮಿ ಈಗಿಲ್ಲ. ಅವರ ಹಾಡು ಬಂದಾಗ ಸೀಟಿ ಹೊಡೆದ ನಾವು ಆ ಕುಣಿತವನ್ನು ಅವರು ಎಲ್ಲಿ ಕಲಿತರು, ಒಂದು ಹಾಡಿಗೆ ಎಷ್ಟು ಕೊಟ್ಟರು ಎಂದು ಕೇಳಲಿಲ್ಲ. ಉಳಿದವರನ್ನಾದರೂ ಕೇಳಿ.

ಮೊದಲ ಹೆಜ್ಜೆಗೆ ಜಾಸ್ತಿ ಖರ್ಚು ಬೇಡ. ನಿಮ್ಮ ಇಬ್ಬರು ಸಿಬ್ಬಂದಿಯನ್ನು ಚೆನ್ನೈನ ಹಳೆಯ ಲ್ಯಾಬುಗಳಿಗೆ ಮತ್ತು ಗಾಂಧಿನಗರದ ಗೋಡೌನುಗಳಿಗೆ ಕಳಿಸಿ, ಏನೇನು ಉಳಿದಿದೆ ಎಂದು ಪಟ್ಟಿ ಮಾಡಿಸಿ. ಕೇರಳದ ಚಲಚ್ಚಿತ್ರ ಅಕಾಡೆಮಿ, ನಮ್ಮ ಕರ್ನಾಟಕ ಚಲನಚಿತ್ರ ಅಕಾಡೆಮಿ ಎರಡನ್ನೂ ಜೊತೆಗೆ ಸೇರಿಸಿಕೊಳ್ಳಿ. ಪಟ್ಟಿಯಲ್ಲಿ ನಟಿಯರ ಹೆಸರು, ಡ್ಯೂಪ್ ಆದವರು ಒಪ್ಪಿದರೆ ಅವರ ಹೆಸರು, ಕ್ಯಾಮೆರಾ, ಮೇಕಪ್, ಎಡಿಟಿಂಗ್ ಮಾಡಿದವರ ಹೆಸರು ಬರಲಿ. ‘ಮತ್ತಿತರರು’ ಎಂದು ಬರೆದು ಮುಗಿಸಬೇಡಿ. ನಾನು ಹೇಳಿದ ಗೋಡೌನಿನ ಮಾಲೀಕರು ಉಳಿದ ಡಬ್ಬಿಗಳನ್ನು ಮಳೆಗಾಲ ಶುರುವಾಗುವವರೆಗೆ ಮಾರದೆ ಇಟ್ಟುಕೊಳ್ಳಲು ಒಪ್ಪಿದ್ದಾರೆ. ನಿಮ್ಮವರು ಬರುವುದಾದರೆ ವಿಳಾಸವನ್ನು ಬೇರೆ ಪತ್ರದಲ್ಲಿ ಕಳಿಸುತ್ತೇನೆ.

ಇಂತಿ,
ನಿಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ಪ್ರೇಕ್ಷಕಿ